ಬಚ್ಚಲ ಹಿಂದಿನ ಕೆಸು

ನಮ್ಮ ಮಲೆನಾಡಿನ ಮನೆಗಳಲ್ಲಿ ಕೆಸುವಿಗೆ ಪಾತಿ ಮಾಡಿಕೊಟ್ಟು ಉಪಚರಿಸುವವರು ಕಡಿಮೆ. ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಎದ್ದು, ಮಳೆಗಾಲ ಹಿಡಿಯಿತೆಂದರೆ ಮೊರದಗಲ ಎಲೆ ಬಿಟ್ಟುಕೊಂಡು ನಿಂತಿರುತ್ತದೆ. ಗುಲಾಬಿ ಅರಳಿದರೆ ಫೋಟೊ ತೆಗೆಯುವವರು ಕೆಸು ಕಂಡರೆ ಪತ್ರೊಡೆಗೆ ಎಷ್ಟು ಎಲೆ ಸಿಕ್ಕೀತೆಂದು ಲೆಕ್ಕ ಹಾಕುತ್ತಾರೆ. ನನ್ನನ್ನು ಕೇಳಿದರೆ ಹಿತ್ತಲಲ್ಲಿ ನೋಡತಕ್ಕದ್ದು ಇರುವುದೇ ಈ ಬಚ್ಚಲ ಹಿಂದೆ.

ಮಳೆ ಹೊಳವಾದ ಕೂಡಲೇ ಹೋಗಬೇಕು. ಎಲೆಯ ತಗ್ಗಿನಲ್ಲಿ ದಪ್ಪ ಹನಿಯೊಂದು ಕೂತಿರುತ್ತದೆ. ತುಸು ಓರೆ ಮಾಡಿದರೆ ಸಾಕು, ದಾರಿಯಲ್ಲಿ ಸಿಕ್ಕ ಸಣ್ಣ ಹನಿಗಳನ್ನು ನುಂಗುತ್ತ, ಧೂಳನ್ನೂ ಬಳಿದುಕೊಂಡು ಅಂಚಿನಿಂದ ಹಾರಿಬಿಡುತ್ತದೆ. ಹೋದ ದಾರಿಯಲ್ಲಿ ಒದ್ದೆಯ ಗುರುತೂ ಇಲ್ಲ. ಎಲೆಯ ಮೈತುಂಬ ಕಣ್ಣಿಗೆ ಕಾಣದ ಉಬ್ಬುಗಳು, ಅವುಗಳ ಮೇಲೆ ಮೇಣದ ಹರಳುಗಳು. ಹನಿ ನಿಲ್ಲುವುದು ಆ ತುದಿಗಳ ಮೇಲಷ್ಟೇ, ಕೆಳಗೆಲ್ಲ ಗಾಳಿ. ತಾವರೆ ಎಲೆಯದೂ ಇದೇ ಕಸುಬು. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಸಂಗಡಿಗರೊಬ್ಬರ ಜೊತೆ 1997ರಲ್ಲಿ ಇದನ್ನು ಬಿಡಿಸಿ ಬರೆದರು. ಆಮೇಲೆ ಇದೇ ಗುಟ್ಟಿನ ಗೋಡೆ ಬಣ್ಣವೂ ಮಾರಾಟಕ್ಕೆ ಬಂತು. ನಮ್ಮ ಕಡೆಯ ಪಾಚಿಯ ಎದುರು ಅದು ಎಷ್ಟು ದಿನ ತಡೆದೀತೋ!

ಕಾರಣ ತಿಳಿದರೆ ಬೆರಗು ಇಳಿಯುತ್ತದೆ ಅನ್ನುವವರು ಒಂದು ಎಲೆಯನ್ನು ಬಕೆಟ್ ನೀರಿನಲ್ಲಿ ಅದ್ದಿ, ಓರೆಯಿಂದ ನೋಡಬೇಕು. ಹಸಿರು ಹೋಗಿ ಎಲೆಯೆಲ್ಲ ಬೆಳ್ಳಿ! ಎಲೆಗೂ ನೀರಿಗೂ ನಡುವೆ ಸಿಕ್ಕಿಕೊಂಡ ಗಾಳಿಯ ಪದರ ಬೆಳಕನ್ನು ಹಿಂದಕ್ಕೆ ಕಳಿಸುತ್ತಿರುತ್ತದೆ. ಮೇಲೆತ್ತಿದರೆ ಮೈ ಒಣಗಿಯೇ ಇದೆ. ಬೆರಳಿನಿಂದ ಗಟ್ಟಿಯಾಗಿ ಉಜ್ಜಿದಿರೋ, ಮೇಣ ಅಳಿಸಿ, ಆ ಜಾಗದಲ್ಲಿ ನೀರು ಅಂಟತೊಡಗುತ್ತದೆ.

ಮಳೆಯಿಲ್ಲದ ಬೆಳಗ್ಗೆಯೂ ಎಲೆಯ ತುದಿಯಲ್ಲಿ ಹನಿ ತೂಗುತ್ತಿರುತ್ತದೆ. ಇಬ್ಬನಿ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಬೇರು ರಾತ್ರಿಯೆಲ್ಲ ಹೀರಿ ಮೇಲಕ್ಕೆ ತಳ್ಳಿದ, ಗಿಡದ್ದೇ ನೀರು. ಕುಡಿದದ್ದು ಬಚ್ಚಲ ಕೊಚ್ಚೆ, ತುದಿಗೆ ಬಂದದ್ದು ಇಷ್ಟು ತಿಳಿ.

ಅಮ್ಮನನ್ನು ಕರೆದು ಬಕೆಟ್ಟಿನ ಬೆಳ್ಳಿ ತೋರಿಸಿದೆ. ಬಗ್ಗಿ ನೋಡಿದಳು, ತಾನೇ ಎಲೆಯನ್ನು ಮತ್ತೆರಡು ಸಲ ಅದ್ದಿ ಎತ್ತಿದಳು.

“ಚಂದ ಉಂಟು ಮಾರಾಯ. ಈಗ ಇತ್ಲಾಗೆ ಕೊಡು, ನಾರು ಹೆರೆಯಬೇಕು.”

ಹುಣಸೆಹಣ್ಣು ಸ್ವಲ್ಪ ಜಾಸ್ತಿಯೇ ಹಾಕು ಎಂದೆ. ಎಲೆಯೊಳಗೆ ಸೂಜಿಯಂಥ ಹರಳುಗಳೂ ಇವೆಯಲ್ಲ. ಹೊಗಳಿದವನ ಗಂಟಲೆಂದು ಅವು ತುರಿಸದೆ ಬಿಡುವುದಿಲ್ಲ.