ಡಾಕ್ಟರ್ ಮನೆತನದ ಹುಚ್ಚರ ಸಂತೆ

ಗಲಾಟೆ ಜಾಸ್ತಿಯಾದರೆ ‘ಇದೇನು ಹುಚ್ಚರ ಸಂತೆ’ ಅಂತೀವಿ. ಲಂಡನ್ನಿನವರು ಮಾತಿಗಲ್ಲ, ನಿಜವಾಗಿಯೇ ಒಂದನ್ನು ನಡೆಸಿದರು. 1247ರಲ್ಲಿ ಶುರುವಾದ ಬೆತ್ಲೆಮ್, ಮನೋರೋಗಿಗಳನ್ನು ಇಡುತ್ತಿದ್ದ ಆಸ್ಪತ್ರೆ. ಜನರ ಬಾಯಲ್ಲಿ ಬೆಡ್ಲಂ.

1676ರಲ್ಲಿ ಅದಕ್ಕೆ ಅರಮನೆಯಂಥ ಕಟ್ಟಡ ಎದ್ದಿತು. ಪಾಯ ಮಾತ್ರ ಹಳೆ ಕಂದಕ ಮುಚ್ಚಿದ ಜಾಗದಲ್ಲಿ. ಗೋಡೆ ಬಿರುಕು ಬಿಟ್ಟವು. ಕೆರೆ ಮುಚ್ಚಿ ಸೈಟು ಮಾಡಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬ ಬಂದರೆ ಲಂಡನ್ನಿನವರು ಆಸ್ಪತ್ರೆಯ ಹುಂಡಿಗೆ ಕಾಸು ಹಾಕಿ, ರೋಗಿಗಳನ್ನು ನೋಡಿ ನಕ್ಕು ಹೋಗುತ್ತಿದ್ದರು. 1770ರಲ್ಲಿ ಚೀಟಿ ಇಲ್ಲದವರಿಗೆ ಬಾಗಿಲು ಬಂದ್. ಮರ್ಯಾದೆ ಉಳಿಯಿತು. ಜೊತೆಗೆ ಒಳಗೆ ಏನು ನಡೀತಿದೆ ಅಂತ ನೋಡುವ ಕಣ್ಣೂ ಇಲ್ಲದಂತಾಯಿತು.

1814ರಲ್ಲಿ ಎಡ್ವರ್ಡ್ ವೇಕ್‌ಫೀಲ್ಡ್ ಎಂಬಾತ ಒಳಹೊಕ್ಕಾಗ ಕಂಡವನು ಜೇಮ್ಸ್ ನಾರಿಸ್ ಎಂಬ ರೋಗಿ. ಕುತ್ತಿಗೆಗೆ ಕಬ್ಬಿಣದ ಬಳೆ. ಬಳೆಗೆ ಗಿಡ್ಡ ಸರಪಳಿ. ಸರಪಳಿ ಗೋಡೆ ಪಕ್ಕದ ಕಂಬಿಗೆ. ಹೀಗೆ ಸುಮಾರು 10 ವರ್ಷ. ಅವನೋ, ಪೇಪರ್ ಓದುತ್ತಿದ್ದ, ನೋಡಲು ಬಂದವರ ಜೊತೆ ನೆಟ್ಟಗೆ ಮಾತಾಡುತ್ತಿದ್ದ!

1815ರಲ್ಲಿ ಪಾರ್ಲಿಮೆಂಟ್ ಸಮಿತಿ ಆಸ್ಪತ್ರೆಯ ಡಾಕ್ಟರ್ ಥಾಮಸ್ ಮನ್ರೋ ಅವರನ್ನು ಕರೆಸಿತು. ಚಿಕಿತ್ಸೆ ಏನು ಸ್ವಾಮಿ? ಮೇ ಕೊನೆಗೆ ಎಲ್ಲರ ರಕ್ತ ತೆಗೆಯೋದು, ಆಮೇಲೆ ವಾರಕ್ಕೊಮ್ಮೆ ವಾಂತಿ ಮಾಡಿಸೋದು, ಆಮೇಲೆ ಭೇದಿಗೆ ಕೊಡೋದು. ಯಾಕೆ? ಅಪ್ಪ ಹೀಗೇ ಮಾಡುತ್ತಿದ್ದರು, ಇದಕ್ಕಿಂತ ಒಳ್ಳೆಯದು ತನಗೆ ಗೊತ್ತಿಲ್ಲ ಅಂದರು. ಅಪ್ಪ ನೆಟ್ಟ ಆಲದ ಮರಕ್ಕೆ ಮಗ ನೇಣು ಹಾಕಿಕೊಂಡ ಅಂತಾರಲ್ಲ, ಈ ಡಾಕ್ಟರು ಜಾಣರು, ರೋಗಿಗಳನ್ನು ಹಾಕಿದರು. ಸರಪಳಿ? ಅದು ಬಡವರಿಗೆ ಸರಿಯಂತೆ. ದೊಡ್ಡ ಮನುಷ್ಯರಿಗೆ ಹಾಕಿದರೆ ಅವರಿಗೆ ಇಷ್ಟ ಆಗಲ್ಲವಂತೆ. ಬಡವರನ್ನು ಕೇಳಿ ನೋಡಿದ್ದರೋ ಏನೋ.

ಔಷಧಿ ನೋಡಿಕೊಳ್ಳುತ್ತಿದ್ದ ಜಾನ್ ಹ್ಯಾಸ್ಲಂ ಇನ್ನೊಂದು ಗುಟ್ಟು ಬಿಟ್ಟರು. ಆಸ್ಪತ್ರೆಯ ಸರ್ಜನ್‌ಗೆ 10 ವರ್ಷದಿಂದ ತಲೆ ಸರಿ ಇರಲಿಲ್ಲ, ಕುಡಿತ ಬೇರೆ, ಕೈ ಕಟ್ಟುವ ಅಂಗಿ ತೊಡಿಸಬೇಕಾದಷ್ಟು. ಕೆಲಸದಿಂದ ಮಾತ್ರ ಯಾರೂ ತೆಗೆದಿರಲಿಲ್ಲ. ಅದೇ ಆಸ್ಪತ್ರೆಯಲ್ಲಿ ಕಂಬಿಗೆ ಕಟ್ಟಿದ್ದು ಪೇಪರ್ ಓದುತ್ತಿದ್ದವನನ್ನು.

ಇಷ್ಟೆಲ್ಲ ಬಯಲಾದ ಮೇಲೆ, 1816ರಲ್ಲಿ, ಮನ್ರೋ ರಾಜೀನಾಮೆ ಕೊಟ್ಟರು. 1728ರಲ್ಲಿ ತಾತ ಹಿಡಿದ ಕುರ್ಚಿ ಅದು, ಅಪ್ಪನೂ ಕೂತಿದ್ದು, ಸುಮ್ನೆ ಖಾಲಿ ಬಿಡೋಕಾಗುತ್ತಾ? ಮನ್ರೋ ಅವರ ಮಗ ಎಡ್ವರ್ಡ್ ಬಂದು ಕೂತರು.