ಎರಡೂಮುಕ್ಕಾಲು ತೊಲದ ಬಾಣ

ಮೆಕ್ಕೆಜೋಳದ ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ದಾವಣಗೆರೆಯಲ್ಲಿ ಎರಡು ಥರದ ಫೋನು ಬರುತ್ತವೆ. ಜಗಳೂರು ಕಡೆಯ ಹೊಲದಿಂದ "ಹಂದಿ ನುಗ್ಗ್ಯಾವ್ರೀ" ಅಂತ ಒಂದು. ಟೆಕ್ಸಾಸಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕಿರುವ ಅಳಿಯನಿಂದ "ಮಾವ, ಹಂದಿ ಹೊಡೆಯೋಕೆ ಬಾಣ ತಗೊಳ್ತಾ ಇದೀನಿ" ಅಂತ ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಇಲ್ಲಿ ಕಾಡುಹಂದಿಗೆ ಬಿಲ್ಲೆತ್ತಿದರೆ ಹಂದಿ ಹೊಲದಲ್ಲೇ ಇರುತ್ತದೆ, ನಾವು ಠಾಣೆಯಲ್ಲಿರುತ್ತೇವೆ. ತಗಡು ಬಡಿದು ಓಡಿಸಿ, ಬೆಳೆಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವುದೇ ದಾರಿ. ಅಳಿಯನ ಕಥೆ ಬೇರೆ. ಟೆಕ್ಸಾಸಿನಲ್ಲಿ ಹಂದಿ ಹೊರಗಿಂದ ಬಂದು ಹೊಲ ಹಾಳುಮಾಡುವ ಪ್ರಾಣಿ, ವರ್ಷವಿಡೀ ಹೊಡೆಯಬಹುದು. 2019ರ ಸೆಪ್ಟೆಂಬರಿನಿಂದ ಖಾಸಗಿ ಜಮೀನಿನಲ್ಲಿ ಮಾಲೀಕ ಒಪ್ಪಿದರೆ ಬೇಟೆ ಲೈಸೆನ್ಸೂ ಬೇಡ. ಹಾಗಾಗಿ ಎಡವಟ್ಟಿಗೆ ಯಾವ ಅಡ್ಡಿಯೂ ಇಲ್ಲ.

ಮೊದಲ ಎಡವಟ್ಟು ಅಂಗಡಿಯಲ್ಲೇ. ಬಾಣದ ಮೇಲೆ 300, 340, 400, 500 ಅಂತ ಬರೆದಿರುತ್ತದೆ. ಬೆಣ್ಣೆದೋಸೆ ಹೋಟೆಲಿನಲ್ಲಿ ಕೂತು ವಿಡಿಯೊ ಕಾಲಿನಲ್ಲಿ ಅದನ್ನು ನೋಡಿದ ಮಾವ ಹೇಳುವುದು ಒಂದೇ ಮಾತು: "ಅಲ್ಲಲೇ, 500 ದೊಡ್ಡದಲ್ವಾ? ಅದನ್ನೇ ತಗಾ." ನೋಟಿಗೆ ಸರಿ, ಬಾಣಕ್ಕೆ ತಪ್ಪು. ಬಾಣದ ಕಡ್ಡಿಯನ್ನು 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟು ನಡುವೆ 880 ಗ್ರಾಂ ತೂಗುಬಿಟ್ಟಾಗ ಎಷ್ಟು ಬಾಗುತ್ತದೆ ಅನ್ನುವುದೇ ಆ ಅಂಕಿ. ಅದನ್ನು ಸ್ಪೈನ್ ಅನ್ನುತ್ತಾರೆ. 500 ಅಂದರೆ ಅರ್ಧ ಇಂಚು ಬಾಗಿತು, 300 ಅಂದರೆ ಅದಕ್ಕಿಂತ ಕಡಿಮೆ. ಅಂಕಿ ಇಳಿದಷ್ಟೂ ಕಡ್ಡಿ ಬಿಗಿ.

ಅಲ್ಲಿಗೆ ಮುಗಿಯುವುದಿಲ್ಲ. ಚನ್ನಗಿರಿ ಕಡೆ ಅಡಿಕೆ ಕೊಯ್ಯುವ ದೋಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತುದಿಯ ಕತ್ತಿ ಭಾರವಾದಷ್ಟೂ ಗಳ ಬಳುಕುತ್ತದೆ, ಗಳ ಗಿಡ್ಡವಾದಷ್ಟೂ ಸೆಟೆಯುತ್ತದೆ. ಬಾಣವೂ ಹಾಗೆಯೇ. ಮೊನೆಗೆ ತೂಕ ಏರಿಸುತ್ತಾ ಹೋಗಿ ಕಡ್ಡಿ ಮಾತ್ರ ಹಳೆಯದನ್ನೇ ಇಟ್ಟುಕೊಂಡರೆ ಬಾಣ ಹಾವಿನ ಹಾಗೆ ಹೊರಳುತ್ತಾ ಹೋಗುತ್ತದೆ. ಹೆದೆ ಎಳೆಯಲು 60 ಪೌಂಡ್ ಬಲ ಬೇಡುವ, ತುದಿಗಳಲ್ಲಿ ರಾಟೆಯಿರುವ ಕಾಂಪೌಂಡ್ ಬಿಲ್ಲಿಗೆ, 29 ಇಂಚಿನ ಬಾಣಕ್ಕೆ, ಮುಂದೆ 200 ಗ್ರೇನ್ ತೂಕ ಕೂರಿಸುವುದಾದರೆ 300ರ ಕಡ್ಡಿಯ ಕಡೆಗೇ ಹೋಗಬೇಕು.

ಇನ್ನು ತೂಕ. ಬಾಣದ ಲೋಕದಲ್ಲಿ ಎಲ್ಲವೂ ಗ್ರೇನ್ ಲೆಕ್ಕ. ಗಾಬರಿ ಬೇಡ, ನಮ್ಮ ಅಕ್ಕಸಾಲಿಗಳಿಗೆ ಇದು ಗೊತ್ತಿದ್ದ ಲೆಕ್ಕವೇ: ಹಳೆಯ ತೊಲ ಅಂದರೆ ಸರಿಯಾಗಿ 180 ಗ್ರೇನ್. (ಈಗ ಅಂಗಡಿಯವರು ಬಾಯಿಮಾತಿಗೆ ಹೇಳುವ ಹತ್ತು ಗ್ರಾಂ ತೊಲ ಅಲ್ಲ, 11.66 ಗ್ರಾಂನದು.) ಹಂದಿಗೆ ಹೊಂದುವ ಒಂದು ಬಾಣವನ್ನು ಬಿಡಿಬಿಡಿಯಾಗಿ ತೂಗಿದರೆ, ಇಂಚಿಗೆ 9 ಗ್ರೇನಿನಂತೆ 29 ಇಂಚಿನ ಕಡ್ಡಿ 261, ಮೊನೆ 125, ಅದನ್ನು ತಿರುಪುವ ಹಿತ್ತಾಳೆ ಇನ್ಸರ್ಟ್ 75, ಮೂರು ಗರಿ 18, ಹೆದೆ ಕಚ್ಚುವ ನಾಕ್ 10. ಒಟ್ಟು 489, ಅಂಟು ಸೇರಿ 490 ಚಿಲ್ಲರೆ. ಎರಡೂಮುಕ್ಕಾಲು ತೊಲ. ಮದುವೆಗೆ ಇಷ್ಟು ಬಂಗಾರ ಹಾಕಿದರೆ ಬೀಗರು ಮೂಗು ಮುರಿದಾರು, ಹಂದಿಗೆ ಸಾಕು.

ಆದರೆ ಅಳಿಯನಿಗೆ ವೇಗದ ಹುಚ್ಚು. 350 ಗ್ರೇನಿನ ಹಗುರ ಬಾಣ ಸೆಕೆಂಡಿಗೆ 275 ಅಡಿ ಹೋಗುತ್ತದೆ ಅಂತ ಕುಣಿಯುತ್ತಾನೆ. ಅದೇ ಬಿಲ್ಲಿನಿಂದ 490 ಗ್ರೇನಿನದು 235 ಅಡಿ ಹೋಯಿತು ಅನ್ನಿ. ಶಕ್ತಿ ಲೆಕ್ಕ ಹಾಕಿದರೆ ಒಂದಕ್ಕೆ 59 ಅಡಿ-ಪೌಂಡ್, ಇನ್ನೊಂದಕ್ಕೆ 60. ಎರಡೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಸಂವೇಗದಲ್ಲಿ, ಅಂದರೆ ತೂಕವನ್ನು ವೇಗದಿಂದ ಗುಣಿಸಿದಾಗ ಸಿಗುವ ನೂಕಿನಲ್ಲಿ: ಹಗುರದ್ದಕ್ಕೆ 0.43, ಭಾರದ್ದಕ್ಕೆ 0.51. ಒಳಗೆ ನುಗ್ಗುತ್ತಲೇ ಇರುವುದು ಈ ಎರಡನೆಯದು. ಚಿತ್ರದುರ್ಗದ ಕಿಂಡಿಯಲ್ಲಿ ಓಬವ್ವ ನಿಂತಾಗ ಒನಕೆಯ ವೇಗ ಎಷ್ಟು ಅಂತ ಯಾರೂ ಅಳೆಯಲಿಲ್ಲ. ಹಗುರದ ಹುಚ್ಚಿಗೆ ಇನ್ನೊಂದು ಅಪಾಯವಿದೆ. ಬಿಲ್ಲಿನ ಪ್ರತಿ ಪೌಂಡಿಗೆ 5 ಗ್ರೇನಿಗಿಂತ ಕಡಿಮೆಯಾದರೆ, ಅಂದರೆ 60 ಪೌಂಡಿಗೆ 300ಕ್ಕಿಂತ ಇಳಿದರೆ, ಬಾಣವಿಲ್ಲದೆ ಹೆದೆ ಬಿಟ್ಟಂತೆಯೇ, ಬಿಲ್ಲೇ ಸೀಳಬಹುದು.

ಮನುಷ್ಯನಿಗೆ ತಲೆಭಾರ ಒಳ್ಳೆಯದಲ್ಲ, ಬಾಣಕ್ಕೆ ಬೇಕು. ಮೇಲಿನ ಬಾಣವನ್ನು ಬೆರಳ ಮೇಲೆ ತೂಗಿಸಿದರೆ ಹಿಂತುದಿಯಿಂದ ಹತ್ತೊಂಬತ್ತೂಮುಕ್ಕಾಲು ಇಂಚಿನ ಹತ್ತಿರ ನಿಲ್ಲುತ್ತದೆ. ಅರ್ಧ ಉದ್ದ ಹದಿನಾಲ್ಕೂವರೆ ಕಳೆದರೆ ಐದೂಕಾಲು. ಅದನ್ನು 29ರಿಂದ ಭಾಗಿಸಿದರೆ ತಲೆಭಾರ ಶೇ. 18. ಸಾಮಾನ್ಯ ಬೇಟೆಗೆ 10ರಿಂದ 15 ಸಾಕು, ಹಂದಿಗೆ ಸ್ವಲ್ಪ ಜಾಸ್ತಿಯಾದರೆ ನಷ್ಟವಿಲ್ಲ.

ಕಾರಣ ಹಂದಿಯ ಮೈ. ಬಲಿತ ಗಂಡುಹಂದಿಯ ಭುಜದ ಮೇಲೆ ಚರ್ಮದ ಕೆಳಗೆ ನಾರುನಾರಾದ ಗಟ್ಟಿ ಹಲಗೆ ಕಟ್ಟಿರುತ್ತದೆ, ಮೇಲೆ ಒಣಗಿದ ಕೆಸರಿನ ಗಿಲಾವು ಬೇರೆ. ಇಲ್ಲಿ ಬ್ರಾಡ್‌ಹೆಡ್ ಅನ್ನುವ ಅಲಗಿನ ಮೊನೆಯ ಆಯ್ಕೆ ಮುಖ್ಯವಾಗುತ್ತದೆ. ಬಿಚ್ಚಿಕೊಳ್ಳುವ ಮೊನೆ ಇದೆಯಲ್ಲ, ತಗುಲಿದಾಗ ಛತ್ರಿಯಂತೆ ಅಲಗು ಹರಡುವುದು, ಅದು ಎರಡು ಇಂಚಿನ ಗಾಯ ಮಾಡುತ್ತದೆ ನಿಜ; ಬಿಚ್ಚಿಕೊಳ್ಳುವುದಕ್ಕೇ ಒಂದಷ್ಟು ದಮ್ಮು ಕಳೆದುಕೊಳ್ಳುತ್ತದೆ. 70 ಪೌಂಡಿನ ಬಿಲ್ಲಿದ್ದವರು ಬೇಕಾದರೆ ನೋಡಲಿ. 50–60ರವರಿಗೆ ತುದಿಯಿಂದಲೇ ಕೊಯ್ಯುವ, ಕದಲದ ಎರಡಲಗಿನ ಮೊನೆಯೇ ಸರಿ ಅಂತ ನಮ್ಮ ಹಟ. ಅದರಲ್ಲಿ ಬಡಗಿಯ ಉಳಿಯಂತೆ ಒಂದೇ ಮಗ್ಗುಲಿಗೆ ಸಾಣೆ ಹಿಡಿದದ್ದೂ ಸಿಗುತ್ತದೆ, ತಿರುಗುತ್ತಾ ಒಳಹೋಗುತ್ತದೆ. ಅದರ ಸಾಣೆ ಬಲಕ್ಕಿದ್ದರೆ ಗರಿಯ ತಿರುಚೂ ಬಲಕ್ಕಿರಬೇಕು. ಅದು ಎಡಕ್ಕೆ ಇದು ಬಲಕ್ಕೆ ಅಂತಾದರೆ ಅತ್ತೆ ಸೊಸೆ ಒಂದೇ ಒರಳು ತಿರುವಿದ ಹಾಗೆ.

ಜಿಂಕೆಗೆ ಹೊಡೆದು ಕಲಿತವನು ಹಂದಿಗೂ ಭುಜದ ಹಿಂದೆ ಗುರಿಯಿಟ್ಟು ಹೊಟ್ಟೆಗೆ ಬಿಡುತ್ತಾನೆ. ಹಂದಿಯ ಗುಂಡಿಗೆ ಕೆಳಗೆ, ಇನ್ನೂ ಮುಂದೆ ಇರುತ್ತದೆ. ಮುಂಗಾಲಿನ ನೇರಕ್ಕೆ, ಮೈಯ ಕೆಳಗಿನ ಮೂರನೇ ಒಂದು ಭಾಗದಲ್ಲಿ. ಅದೂ ಹಂದಿ ಓರೆಯಾಗಿ ಆಚೆ ಮುಖ ಮಾಡಿ ನಿಂತಾಗ, 20 ಗಜದೊಳಗೆ. ಆಗ ಬಾಣ ಹಲಗೆಯ ಹಿಂದಿನಿಂದ ಒಳಹೋಗುತ್ತದೆ. ಆಚೆ ಬದಿಗೆ ಹೊರಬೀಳಲೂ ಬೇಕು, ಇಲ್ಲವಾದರೆ ಕೊಬ್ಬು ತೂತನ್ನು ಮುಚ್ಚಿ ರಕ್ತದ ಜಾಡೇ ಸಿಗುವುದಿಲ್ಲ. ಅರ್ಧ ಗಂಟೆ ಕಾಯದೆ ಪೊದೆಗೆ ಕೈ ಹಾಕುವವನಿಗೆ ಕೋರೆಹಲ್ಲೇ ಉತ್ತರ.

ಕಡ್ಡಿಯನ್ನು ಮನೆಯ ಹ್ಯಾಕ್ಸಾದಿಂದ ಕೊಯ್ಯಬೇಡಿ, ಕಾರ್ಬನ್ ಎಳೆ ಬಿಟ್ಟುಕೊಳ್ಳುತ್ತದೆ. ವೇಗವಾಗಿ ತಿರುಗುವ ಉಜ್ಜುಚಕ್ರ ಬೇಕು, ಮೂಗಿಗೆ ಧೂಳು ತಡೆಯುವ ಮಾಸ್ಕ್ ಬೇಕು. ಪ್ರತಿ ಸಲ ಹೂಡುವ ಮುಂಚೆ ಕಡ್ಡಿಯನ್ನು ಮುಖದಿಂದ ದೂರ ಹಿಡಿದು ಎರಡೂ ಕೈಯಿಂದ ಮೆಲ್ಲಗೆ ಆಚೆಗೆ ಬಾಗಿಸಿ, ಸ್ವಲ್ಪ ತಿರುಗಿಸಿ ಮತ್ತೆ ಬಾಗಿಸಿ. ಮಂಡಕ್ಕಿ ತುಳಿದಂತೆ ಚರಚರ ಸದ್ದಾದರೆ ಮುರಿದು ಬಿಸಾಡಿ. ಉಳಿಸಿಕೊಂಡರೆ ಅದು ಸೀಳುವುದು ಬಿಲ್ಲು ಹಿಡಿದ ಕೈಯೊಳಗೆ.

ಅಭ್ಯಾಸದ ಮೊನೆ ನಡುವಿಗೆ ಬಿದ್ದು, ಬ್ರಾಡ್‌ಹೆಡ್ ಆರಿಂಚು ಎಡಕ್ಕೆ ಬಿದ್ದರೆ "ಗಾಳಿ" ಅನ್ನಬೇಡಿ. ಅಲಗು ರೆಕ್ಕೆಯ ಹಾಗೆ. ಬಿಲ್ಲಿನ ಸಣ್ಣ ಓರೆಯನ್ನೂ ಊರಿಗೆಲ್ಲ ಸಾರುತ್ತದೆ. ಮೊದಲು ಬಾಣವನ್ನು ಮೊನೆಯ ಮೇಲೆ ಬುಗುರಿಯಂತೆ ತಿರುಗಿಸಿ ನೋಡಿ. ನಡುಗಿದರೆ ಇನ್ಸರ್ಟೋ ಮೊನೆಯೋ ಕಡ್ಡಿಯೋ ಸೊಟ್ಟ. ನಡುಗದಿದ್ದರೆ ಬಾಣ ಕೂರುವ ರೆಸ್ಟನ್ನು ಇಂಚಿನ ಮೂವತ್ತೆರಡನೇ ಒಂದು ಭಾಗದಷ್ಟು ಬಲಕ್ಕೆ ಸರಿಸಿ, ಮತ್ತೆ ಹೊಡೆಯಿರಿ.

ಪೊಟ್ಟಣದಲ್ಲಿ ಬ್ರಾಡ್‌ಹೆಡ್ ಜೊತೆ ಒಂದು ಪುಟ್ಟ ಪ್ಲಾಸ್ಟಿಕ್ ತಿರುಪುಳಿ ಬರುತ್ತದೆ, ಅಲಗು ಮುಟ್ಟದೆ ತಿರುಪಲಿಕ್ಕೆ. ಹತ್ತರಲ್ಲಿ ಒಂಬತ್ತು ಜನ ಅದನ್ನು ಪೊಟ್ಟಣದ ಜೊತೆಗೇ ಕಸಕ್ಕೆ ಹಾಕುತ್ತಾರೆ. ಆಮೇಲೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕಸದಬುಟ್ಟಿ ಕೆದಕುತ್ತಾ ದಾವಣಗೆರೆಗೆ ಫೋನು ಹಚ್ಚುತ್ತಾರೆ: "ಮಾವ, ಅರಿಸಿನ ಹಚ್ಚಿದ್ರೆ ಸಾಕಾ, ಹೊಲಿಗೆ ಹಾಕಿಸ್ಬೇಕಾ?"