ಲೈನ್ ಮನೆಯವರ ಮೇಲೆ ಯಾಕಿಷ್ಟು ಸಿಟ್ಟು?

ಇವತ್ತು ಬೆಳಿಗ್ಗೆ ಮಾರಿಕುಪ್ಪಂ ಗಾಡಿಯಲ್ಲಿ, ಅಂದರೆ ಕೋಲಾರ ಚಿನ್ನದ ಗಣಿಯ ಊರು ಕೆಜಿಎಫ್‌ನಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ, ನಡೆದದ್ದು ಇನ್ನೂ ತಲೆಯಿಂದ ಹೋಗುತ್ತಿಲ್ಲ. ಆಫೀಸಿನಲ್ಲೂ ಅದೇ ಯೋಚನೆ, ಮನೆಗೆ ಬಂದ ಮೇಲೂ ಅದೇ. ಬರೆದುಬಿಡುತ್ತೇನೆ.

ನಮ್ಮ ಬಂಗಾರಪೇಟೆಗೆ ಬರುವ ಹೊತ್ತಿಗೆ ಆ ಗಾಡಿಯಲ್ಲಿ ಸೀಟು ಸಿಗುವುದೇ ಕಷ್ಟ ಅಂತ ನಿಮಗೆಲ್ಲ ಗೊತ್ತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲದಲ್ಲಿ ಹತ್ತಿದವರು ಕೂತಿರುತ್ತಾರೆ. ಅಲ್ಲಿ ಗಣಿ ಕಾರ್ಮಿಕರಿಗೆ ಕಟ್ಟಿದ ಸಾಲು ಮನೆಗಳಿಗೆ ಲೈನ್ ಅನ್ನುತ್ತಾರೆ. ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಇವತ್ತು ಒಬ್ಬ ಹೆಂಗಸು ಕಿಟಕಿಗೆ ತಲೆ ಒರಗಿಸಿ ಮಲಗಿದ್ದರು. ಕೊರಳಲ್ಲಿ ಯಾವುದೋ ಆಸ್ಪತ್ರೆಯ ಹೌಸ್‌ಕೀಪಿಂಗ್ ಕಾರ್ಡು. ನಮ್ಮೂರಲ್ಲಿ ಹತ್ತಿದ ಒಬ್ಬರು ಆಕೆಯ ಭುಜ ತಟ್ಟಿ “ಏಯ್, ಜರುಗಮ್ಮ” ಅಂದರು. ಆಮೇಲೆ ಪಕ್ಕದವರ ಕಡೆ ತಿರುಗಿ ಶುರು ಮಾಡಿದರು. “ಈ ಲೈನ್‌ನವರದ್ದು ಯಾವಾಗಲೂ ಇದೇ. ಪುಕ್ಕಟೆ ಮನೆ, ಪುಕ್ಕಟೆ ಕರೆಂಟು. ಗಣಿ ಮುಚ್ಚಿದರೂ ಮೈಗಳ್ಳತನ ಹೋಗಿಲ್ಲ. ಕನ್ನಡನೂ ಬರಲ್ಲ.”

ಆ ಹೆಂಗಸು ಎದ್ದು ಕೂತು, ಚೊಕ್ಕ ಕನ್ನಡದಲ್ಲಿ “ಬನ್ನಿ ಸಾರ್, ಕೂತ್ಕೊಳ್ಳಿ” ಅಂದರು. ಅವರು ಕೂತರು. ಒಂದು ಥ್ಯಾಂಕ್ಸ್ ಕೂಡ ಇಲ್ಲ.

ನನಗೆ ತಡೆಯಲಾಗಲಿಲ್ಲ. “ಸಾರ್, ನೀವು ಇವತ್ತು ಎಷ್ಟು ಗಂಟೆಗೆ ಎದ್ರಿ?” ಅಂತ ಕೇಳಿದೆ. ಅವರು ಫೋನ್ ತೆಗೆದು ನೋಡುತ್ತಾ ಕೂತರು.

ಕತ್ತಲಲ್ಲೇ ಎದ್ದು, ಅಡುಗೆ ಮಾಡಿಟ್ಟು, ನೀರು ಬಂದಿದ್ದರೆ ಹಿಡಿದಿಟ್ಟು, ಬೆಂಗಳೂರಿಗೆ ಹೋಗಿ ಆಸ್ಪತ್ರೆಯ ನೆಲ ಒರೆಸಿ, ರಾತ್ರಿ ವಾಪಸ್ ಬರುವವರು ಮೈಗಳ್ಳರು ಹೇಗಾಗುತ್ತಾರೆ? ವೈಟ್‌ಫೀಲ್ಡ್‌ನಲ್ಲಿ, ಕೆ.ಆರ್. ಪುರಂನಲ್ಲಿ, ಕಂಟೋನ್ಮೆಂಟಿನಲ್ಲಿ ಈ ಗಾಡಿಯಿಂದ ಇಳಿಯುವವರನ್ನು ಒಂದು ದಿನ ನಿಂತು ನೋಡಿ. ಸೆಕ್ಯುರಿಟಿಯವರು, ಮಾಲ್‌ನಲ್ಲಿ ಕೆಲಸ ಮಾಡುವ ಹುಡುಗಿಯರು, ಲ್ಯಾಬ್ ಟೆಕ್ನೀಷಿಯನ್‌ಗಳು, ಕಾಲೇಜು ಮಕ್ಕಳು. ಕೆಜಿಎಫ್‌ನಲ್ಲಿ ಕೆಲಸ ಇಲ್ಲ. ಅದಕ್ಕೇ ಇಷ್ಟು ದೂರ ಓಡಾಡುತ್ತಾರೆ.

ಕೆಲಸ ಯಾಕಿಲ್ಲ ಅಂತಲೂ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾ? ಗಣಿ ನಿಂತಿದ್ದು 2001ರ ಫೆಬ್ರವರಿ ಕೊನೆಗೆ. ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಕೆಲಸ ಮಾಡಿದ ಜನ ಇವರ ಅಪ್ಪ, ತಾತಂದಿರು. ಆ ಆಳದಲ್ಲಿ ಬಂಡೆ ಮುಟ್ಟಿದರೆ ಸುಡುತ್ತದೆ. ಯಾವಾಗ ಬಂಡೆ ಸಿಡಿದು ಮೇಲೆ ಬೀಳುತ್ತದೋ ಗೊತ್ತಿರಲಿಲ್ಲ. ಉಳಿದು ಬಂದವರಲ್ಲಿ ಎಷ್ಟೋ ಜನರ ಶ್ವಾಸಕೋಶವನ್ನು ಕಲ್ಲಿನ ಪುಡಿ ತಿಂದುಹಾಕಿತು. ನೂರಿಪ್ಪತ್ತು ವರ್ಷದಲ್ಲಿ 800 ಟನ್‌ಗೂ ಜಾಸ್ತಿ ಚಿನ್ನ ಮೇಲೆ ಬಂತು. ತೆಗೆದವರ ಪಾಲಿಗೆ ಬಂದದ್ದು ಸಾಲು ಸಾಲಾಗಿ ಅಂಟಿಕೊಂಡಿರುವ ಚಿಕ್ಕ ಚಿಕ್ಕ ಮನೆ. ಅದರ ಹಕ್ಕುಪತ್ರಕ್ಕೂ ವರ್ಷಗಟ್ಟಲೆ ಅಲೆದಾಟ. ಗಾಳಿ ಎದ್ದರೆ, ಚಿನ್ನ ತೆಗೆದು ಉಳಿದ ಪುಡಿಯನ್ನು ರಾಶಿ ಹಾಕಿರುವ ಸೈನೈಡ್ ದಿಬ್ಬದ ಧೂಳು ಅನ್ನದ ತಟ್ಟೆಗೇ ಬಂದು ಬೀಳುತ್ತದೆ. ಪುಕ್ಕಟೆ ಅನ್ನುವವರು ಆ ಮನೆಯಲ್ಲಿ ಒಂದು ವಾರ ಇದ್ದು ಬರಲಿ.

ಕರೆಂಟಿನ ಮಾತು ಬಂದಾಗಂತೂ ನನಗೆ ಮೈ ಉರಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಎಳೆದದ್ದು ಗಣಿಗೋಸ್ಕರ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದಾದ ಮೇಲೆ, 1905ರಲ್ಲಿ. ಆ ಕರೆಂಟಿನಿಂದ ಗಣಿ ಯಂತ್ರ ತಿರುಗಿತು. ಅದರ ಲಾಭ ಯಾರ ಜೇಬಿಗೆ ಹೋಯಿತು? ಲೈನ್ ಮನೆಗಂತೂ ಬರಲಿಲ್ಲ.

ಅನುಮಾನದ ಕಣ್ಣೂ ಹೊಸದಲ್ಲ. 1930ರಲ್ಲಿ ಕಂಪನಿ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಿತ್ತು. ನಾವೇನು ಕಳ್ಳರಾ ಅಂತ ಜನ ಗಣಿಗೆ ಇಳಿಯುವುದನ್ನೇ ನಿಲ್ಲಿಸಿದರು. ಇವತ್ತು ಬೆರಳಚ್ಚು ಯಾರೂ ಕೇಳುವುದಿಲ್ಲ. ವಿಳಾಸ ಕೇಳುತ್ತಾರೆ. ಚಾಂಪಿಯನ್ ಲೈನ್ ಅಂದ ತಕ್ಷಣ ಮುಖ ಬದಲಾಗುತ್ತದೆ.

ನನ್ನ ಜೊತೆ ಕಾಲೇಜಲ್ಲಿ ಓದಿದ ಗೆಳತಿಯೊಬ್ಬಳು ಕೆಲಸದ ಅರ್ಜಿಯಲ್ಲೆಲ್ಲ ಬಂಗಾರಪೇಟೆಯ ಚಿಕ್ಕಮ್ಮನ ಮನೆ ವಿಳಾಸವನ್ನೇ ಬರೆಯುತ್ತಿದ್ದಳು. ಬುದ್ಧಿವಂತೆ. ನಮ್ಮೆಲ್ಲರಿಗಿಂತ ಜಾಸ್ತಿ ಮಾರ್ಕ್ಸ್ ತೆಗೆದವಳು. ಹುಟ್ಟಿ ಬೆಳೆದ ಮನೆಯ ಹೆಸರು ಬಾಯಿಬಿಟ್ಟರೆ ಕೆಲಸ ಹೋಗುತ್ತದೆ ಅಂತ ಹತ್ತೊಂಬತ್ತನೇ ವಯಸ್ಸಿಗೇ ಅವಳಿಗೆ ಗೊತ್ತಾಗಿತ್ತು. ಅದನ್ನು ಕಲಿಸಿದವರು ನಾವೇ ಅಲ್ವಾ, ಸುತ್ತಮುತ್ತಲಿನ ಊರಿನವರು?

ನನ್ನ ಸಂಬಂಧಿಕರೊಬ್ಬರು ಈ ಮಾತು ಬಂದಾಗಲೆಲ್ಲ ಹೇಳುತ್ತಾರೆ, “ಅಲ್ಲಿ ರೌಡಿಗಳಿದ್ದಾರಮ್ಮ, ಗಣಿಯ ಕಬ್ಬಿಣ ಕದ್ದು ಮಾರುತ್ತಾರೆ” ಅಂತ. ಇರಬಹುದು. ಕದ್ದವರನ್ನು ಪೊಲೀಸರು ಹಿಡಿಯಲಿ. ಆದರೆ ನಮ್ಮ ಬಡಾವಣೆಯಲ್ಲೇ ಒಬ್ಬರು ಚೀಟಿ ನಡೆಸಿ, ಎಷ್ಟೋ ಮನೆಯ ದುಡ್ಡು ನುಂಗಿ ರಾತ್ರೋರಾತ್ರಿ ಊರು ಬಿಟ್ಟರು. ಆಮೇಲೆ ಈ ಬಡಾವಣೆಯ ಹುಡುಗರಿಗೆ ಯಾರಾದರೂ ಬಾಡಿಗೆ ಮನೆ ಕೊಡಲ್ಲ ಅಂದರಾ? ಒಬ್ಬರೂ ಅನ್ನಲಿಲ್ಲ. ಇಲ್ಲಿ ಒಬ್ಬ ತಪ್ಪು ಮಾಡಿದರೆ ಅದು ಅವನ ತಪ್ಪು. ಅಲ್ಲಿ ಒಬ್ಬ ಮಾಡಿದರೆ ಇಡೀ ಲೈನಿನ ತಪ್ಪು. ಇಂಥ ವಾದಕ್ಕೆ ನಾನು ಇನ್ನು ತಲೆ ಆಡಿಸುವುದಿಲ್ಲ.

ಭಾಷೆಯ ವಿಷಯವೂ ಅಷ್ಟೇ. ಅವರ ಮನೆಮಾತು ತಮಿಳು, ತೆಲುಗು. ಹೌದು, ಅದಕ್ಕೇನೀಗ? ಕೋಲಾರ ಜಿಲ್ಲೆಯಲ್ಲಿ ಕೂತು ಮನೆಮಾತು ಹಿಡಿದು ಜನರನ್ನು ಹೊರಗಿನವರು ಅನ್ನಲು ಹೊರಟರೆ ಊರಿಗೆ ಊರೇ ಖಾಲಿಯಾಗುತ್ತದೆ.

ಇನ್ನೊಂದು ಮಾತು. ನಮ್ಮ ತಾತನ ದಿನಸಿ ಅಂಗಡಿ ನಿಂತದ್ದೇ ಗಣಿ ಸಂಬಳದ ಮೇಲೆ. ಸಂಬಳದ ದಿನ ಅಂಗಡಿ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಅಪ್ಪ ಓದಿದ್ದು ಆ ದುಡ್ಡಿನಲ್ಲಿ, ನಾನು ಈಗ ಕೂತು ಬರೆಯುತ್ತಿರುವ ಮನೆ ಕಟ್ಟಿದ್ದೂ ಆ ದುಡ್ಡಿನಲ್ಲಿ. ಬಂಗಾರಪೇಟೆಯಲ್ಲಿ ಹೀಗೆ ನಿಂತ ಮನೆಗಳು ಎಷ್ಟಿಲ್ಲ? ಗಣಿಯ ದುಡ್ಡು ತಿಂದವರು ಯಾರು ಅಂತ ಲೆಕ್ಕ ಹಾಕುವುದಾದರೆ ನಮ್ಮ ಮನೆಯಿಂದಲೇ ಶುರು ಮಾಡಿ.

ಈಗ ಒಂದು ಕೆಲಸದ ಮಾತು. ಆ ಗೆಳತಿಯ ಮಗ ಕೋಲಾರದಲ್ಲಿ ಡಿಪ್ಲೊಮಾ ಸೇರಿದ್ದಾನೆ. ಸಂಜೆ ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುತ್ತಾನೆ, ರಾತ್ರಿ ಬಸ್ಸು ಸಿಗುವುದಿಲ್ಲ. ಎರಡು ಕಡೆ ರೂಮು ಒಪ್ಪಿಕೊಂಡು, ಆಧಾರ್ ಕಾರ್ಡ್ ನೋಡಿದ ಮೇಲೆ ಇಲ್ಲ ಅಂದಿದ್ದಾರೆ. ಬಸ್ ಸ್ಟ್ಯಾಂಡ್ ಕಡೆ ಅಥವಾ ಕಾಲೇಜಿಗೆ ಹತ್ತಿರ ಒಂದು ಚಿಕ್ಕ ರೂಮು ಇದ್ದರೆ ನನಗೆ ಮೆಸೇಜ್ ಮಾಡಿ. ಅಡ್ವಾನ್ಸ್ ನಾನು ಕೊಡುತ್ತೇನೆ. ಹುಡುಗ ಚಾಂಪಿಯನ್ ಲೈನಿನವನು. ಅದನ್ನು ಹೇಳಿಯೇ ಕೇಳುತ್ತಿದ್ದೇನೆ.